ಫುಕೆಟ್‌ಗೆ ಹೊರಟಿರಾ? ಮೊದಲು ಕಡಲಿನ ಪಂಚಾಂಗ ನೋಡಿ

ಮೇ ತಿಂಗಳು ಮುಗಿಯುವ ಹೊತ್ತಿಗೆ ಪ್ರವಾಸ ಕಂಪನಿಗಳ ಜಾಹೀರಾತಿನಲ್ಲಿ ಥಾಯ್ಲೆಂಡಿನ ಫುಕೆಟ್ ದಿಢೀರನೆ ಅಗ್ಗವಾಗುತ್ತದೆ. ಡಿಸೆಂಬರಿನಲ್ಲಿ ಕೈಗೆಟುಕದೆ ಇದ್ದ ಹೋಟೆಲು ಈಗ ಬೆಳಗಿನ ತಿಂಡಿಯನ್ನೂ ಸೇರಿಸಿಕೊಂಡು ಕರೆಯುತ್ತದೆ. ಬೆಂಗಳೂರಿನಿಂದ ನೇರ ವಿಮಾನ, ಸುಮಾರು ನಾಲ್ಕು ಗಂಟೆಯ ಹಾದಿ. ಮನೆಮಂದಿಯೆಲ್ಲ ಕೂತು ಟಿಕೆಟ್ ಮಾಡಿಸಿಯೇಬಿಡುತ್ತಾರೆ. ಅಲ್ಲಿ ಇಳಿದು ನೋಡಿದರೆ ತೀರದುದ್ದಕ್ಕೂ ಕೆಂಪು ಬಾವುಟ. ಮೊಣಕಾಲು ಮುಳುಗುವಷ್ಟು ಹೋದರೂ ಕಾವಲಿನವನು ಸೀಟಿ ಊದುತ್ತಾನೆ. ಫಿ ಫಿ ದ್ವೀಪಕ್ಕೆ ಹೋಗಬೇಕಿದ್ದ ದೋಣಿ ರದ್ದು. ಮಕ್ಕಳು ಹೋಟೆಲಿನ ಈಜುಕೊಳದಲ್ಲಿ, ದೊಡ್ಡವರು ಮಾಲಿನಲ್ಲಿ ದಿನ ಕಳೆದು ವಾಪಸು ಬರುತ್ತಾರೆ. 'ನಮ್ಮ ಟೈಮು ಸರಿ ಇರಲಿಲ್ಲ' ಎನ್ನುವ ಮಾತು ಆಮೇಲೆ ಬಹಳ ಕೇಳಿಬರುತ್ತದೆ.

ನಿಜ ಹೇಳಬೇಕೆಂದರೆ ಸರಿ ಇರದೆ ಇದ್ದದ್ದು ತಿಂಗಳು. ಅದು ಟಿಕೆಟ್ ಮಾಡಿಸುವ ಮೊದಲೇ ತಿಳಿಯಬಹುದಾಗಿದ್ದ ಸಂಗತಿ. ಯಾವಾಗ ಹೋಗುವುದು, ಯಾವ ತೀರದಲ್ಲಿ ಇಳಿದುಕೊಳ್ಳುವುದು, ಯಾವ ದೋಣಿ ಹತ್ತುವುದು ಎಂಬ ಮೂರನ್ನೂ ಕಡಲನ್ನು ಕೇಳಿ ನಿರ್ಧರಿಸಿದರೆ ಮಿಕ್ಕ ತೊಂದರೆಗಳು ಸಣ್ಣವು. ಹಾಗಾಗಿ ವೀಸಾ, ದುಡ್ಡುಗಳ ಮಾತು ಕೊನೆಗಿರಲಿ.

ಅಲ್ಲಿಯದೂ ಇಲ್ಲಿಯದೂ ಒಂದೇ ಮುಂಗಾರು

ಫುಕೆಟ್ ದ್ವೀಪ ಇರುವುದು ಅಂಡಮಾನ್ ಸಮುದ್ರದಲ್ಲಿ. ಅದರ ಹೆಸರಾಂತ ಕಡಲತೀರಗಳಾದ ಪಟಾಂಗ್, ಕರೋನ್, ಕಾಟಾ, ಕಮಲಾ, ಸುರಿನ್ ಎಲ್ಲವೂ ಪಶ್ಚಿಮಕ್ಕೆ ಮುಖ ಮಾಡಿವೆ. ಪಶ್ಚಿಮದಿಂದ ಬೀಸಿಬರುವುದು ಯಾವ ಗಾಳಿ ಎಂದು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. ಕೇರಳ ಮುಟ್ಟುವುದಕ್ಕೂ ಮೊದಲು ಮುಂಗಾರು ಅಂಡಮಾನ್ ಸಮುದ್ರಕ್ಕೆ ಕಾಲಿಡುತ್ತದೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಆ ಗಾಳಿ ದೊಡ್ಡ ಅಲೆಗಳನ್ನು ತಂದು ಫುಕೆಟ್‌ನ ಪಶ್ಚಿಮ ತೀರಕ್ಕೆ ಬಡಿಯುತ್ತದೆ. ಮಲ್ಪೆಯಲ್ಲಿ ಯಾಂತ್ರಿಕ ದೋಣಿಗಳು ದಡ ಬಿಟ್ಟು ಕದಲದ, ಸೇಂಟ್ ಮೇರಿ ದ್ವೀಪಕ್ಕೆ ಪ್ರವಾಸಿ ದೋಣಿ ನಿಂತುಹೋಗುವ ದಿನಗಳೇ ಅಲ್ಲಿಯೂ ಕಡಲು ಕೆಡುವ ದಿನಗಳು. ಜೂನ್‌ನಲ್ಲಿ ಮಲ್ಪೆಯ ನೀರಿಗೆ ಇಳಿಯದವರು ಜೂನ್‌ನಲ್ಲಿ ಕಾಟಾದ ನೀರಿಗೂ ಇಳಿಯಬಾರದು.

ಇದನ್ನಿಟ್ಟುಕೊಂಡು ನಮ್ಮ ರಜೆಗಳನ್ನು ನೋಡೋಣ.

1. ಡಿಸೆಂಬರ್‌ನಿಂದ ಮಾರ್ಚ್: ಕಡಲು ಶಾಂತ, ನೀರು ತಿಳಿ, ಮಳೆ ಕಡಿಮೆ. ಬೆಲೆ ಮಾತ್ರ ದುಬಾರಿ. ಹೊಸ ವರ್ಷದ ಹಿಂದುಮುಂದಿನ ವಾರವಂತೂ ಜನಜಂಗುಳಿ. ಸಾಧ್ಯವಿದ್ದವರಿಗೆ ಜನವರಿ ಕೊನೆ ಅಥವಾ ಫೆಬ್ರುವರಿ ಒಳ್ಳೆಯದು.

2. ಏಪ್ರಿಲ್: ಶಾಲೆಗೆ ಹೋಗುವ ಮಕ್ಕಳಿರುವ ನಮ್ಮ ಮನೆಗಳಿಗೆ ಹೊಂದುವ ತಿಂಗಳು ಇದೇ. ಸೆಕೆ ಜಾಸ್ತಿ, ಕಡಲು ಇನ್ನೂ ಸಾಧು. 13ರಿಂದ 15ರವರೆಗೆ ಸಾಂಗ್‌ಕ್ರಾನ್, ಅಂದರೆ ಥಾಯ್ ಹೊಸ ವರ್ಷ. ಬೀದಿಯಲ್ಲಿ ಕಂಡಕಂಡವರ ಮೇಲೆ ನೀರು ಎರಚುತ್ತಾರೆ. ಆ ಮೂರು ದಿನ ಪಾಸ್‌ಪೋರ್ಟು ಕೋಣೆಯಲ್ಲಿರಲಿ, ಮೊಬೈಲಿಗೆ ನೀರು ಹೋಗದ ಚೀಲ ಇರಲಿ.

3. ಮೇ ಮಧ್ಯದಿಂದ ಅಕ್ಟೋಬರ್: ಮಳೆಗಾಲ. ದಿನವಿಡೀ ಸುರಿಯುತ್ತದೆ ಎಂದಲ್ಲ. ಬಂದು ಹೋಗುವ ಮಳೆ, ನಡುವೆ ಬಿಸಿಲು. ಆದರೆ ಬಿಸಿಲಿದೆ ಎಂದ ಮಾತ್ರಕ್ಕೆ ಕಡಲು ಶಾಂತವಾಗಿದೆ ಎಂದು ಅರ್ಥವಲ್ಲ, ಮೋಸ ಹೋಗುವುದು ಇಲ್ಲೇ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮಳೆಯ ಅಬ್ಬರ ಹೆಚ್ಚು, ಹಾಗಾಗಿ ದಸರಾ ರಜೆಗೆ ಈಜಬೇಕು ಎಂದುಕೊಂಡು ಹೋಗಬೇಡಿ.

4. ಜುಲೈ–ಆಗಸ್ಟ್‌ನಲ್ಲೇ ರಜೆ ಸಿಕ್ಕಿತೆ? ಹಾಗಿದ್ದರೆ ಫುಕೆಟ್ ಬಿಟ್ಟು ಥಾಯ್ಲೆಂಡಿನ ಇನ್ನೊಂದು ಮಗ್ಗುಲಿಗೆ, ಕೊಲ್ಲಿಯಲ್ಲಿರುವ ಸಮುಯ್ ದ್ವೀಪಕ್ಕೆ ಹೋಗಿ. ಅಲ್ಲಿ ಜೋರು ಮಳೆ ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ನಮ್ಮ ತಮಿಳುನಾಡಿನ ಹಾಗೆ ಹಿಂಗಾರಿನಲ್ಲಿ.

ಕಡಲಿಗಿಳಿಯುವ ಆಸೆಯೇ ಇಲ್ಲ, ಒಳ್ಳೆಯ ಹೋಟೆಲು, ಮಸಾಜು, ಹಳೆ ಪೇಟೆಯ ಓಡಾಟ ಸಾಕು ಎನ್ನುವವರಿಗೆ ಮಳೆಗಾಲದ ಅಗ್ಗದ ಪ್ಯಾಕೇಜು ನಿಜಕ್ಕೂ ಲಾಭವೇ. ಬೇಕಾದದ್ದು ಏನೆಂದು ಮನೆಯಲ್ಲೇ ಮಾತಾಡಿಕೊಂಡು ಹೊರಡಿ.

ಯಾವ ತೀರದಲ್ಲಿ ಇಳಿದುಕೊಳ್ಳಬೇಕು

ಪ್ಯಾಕೇಜಿನವರು ಕಣ್ಣುಮುಚ್ಚಿ ಪಟಾಂಗ್‌ನಲ್ಲಿ ಕೋಣೆ ಹಾಕಿಬಿಡುತ್ತಾರೆ. ಭಾರತೀಯ ಹೋಟೆಲುಗಳು ಹೆಚ್ಚಿರುವುದು ಅಲ್ಲೇ ಎಂಬುದು ಸರಿ. ಆದರೆ ಬಾಂಗ್ಲಾ ರಸ್ತೆಯ ಬಾರುಗಳ ಗದ್ದಲ ಬೆಳಗಿನ ಜಾವದವರೆಗೂ ನಡೆಯುತ್ತದೆ. ಅತ್ತೆ-ಮಾವನನ್ನೋ ಚಿಕ್ಕ ಮಕ್ಕಳನ್ನೋ ಕರೆದುಕೊಂಡು ಹೋದವರು ಆ ರಸ್ತೆಯ ಪಕ್ಕದಲ್ಲಿ ಇಳಿದರೆ ಪ್ರತಿ ಸಂಜೆ ಮುಜುಗರ. ಪಟಾಂಗ್‌ನಲ್ಲೇ ಇರಬೇಕೆಂದಿದ್ದರೆ ತೀರದ ಉತ್ತರ ತುದಿಯ ಕಡೆ ಹುಡುಕಿ.

ಕುಟುಂಬಕ್ಕೆ ನನ್ನ ಮೊದಲ ಆಯ್ಕೆ ಕಾಟಾ. ನಡೆದು ಹೋಗುವಷ್ಟರಲ್ಲಿ ಊಟ, ಅಂಗಡಿ, ಕಡಲು ಮೂರೂ ಸಿಗುತ್ತವೆ. ಪಕ್ಕದ ಕರೋನ್ ಉದ್ದದ ತೀರ, ಮರಳು ನೋಡಲು ಚೆಂದ, ಆದರೆ ಅಲೆ ಎದ್ದಾಗ ಅಪಾಯದ್ದು. ದಕ್ಷಿಣದ ನಾಯ್ ಹಾರ್ನ್ ಚಿಕ್ಕದು, ಶಾಂತ. ಉತ್ತರಕ್ಕೆ ಬಾಂಗ್ ತಾವ್‌ನಲ್ಲಿ ದೊಡ್ಡ ರೆಸಾರ್ಟುಗಳಿವೆ. ಈಗ ಹುಲ್ಲುಹಾಸು, ಕೆರೆಗಳಿರುವ ಆ ಲಗೂನಾ ಪ್ರದೇಶ ಒಂದು ಕಾಲಕ್ಕೆ ತವರ ಅಗೆದು ಪಾಳುಬಿದ್ದ ಗಣಿ ಎಂದರೆ ನಂಬುವುದು ಕಷ್ಟ.

ರವಾಯ್ ಹೆಸರಿನ ತೀರದ ಬಗ್ಗೆ ಒಂದು ಎಚ್ಚರಿಕೆ. 'ಕಡಲಿಗೆ ಎದುರಾದ ಕೋಣೆ, ಅಗ್ಗ' ಎಂದು ಅಂತರ್ಜಾಲದಲ್ಲಿ ಕಾಣಿಸುವ ಎಷ್ಟೋ ಹೋಟೆಲುಗಳು ಅಲ್ಲಿಯವು. ಅದು ದೋಣಿ ಕಟ್ಟುವ, ಮೀನು ಮಾರುವ ಜಾಗ. ಇಳಿತದ ಹೊತ್ತಿಗೆ ನೀರು ದೂರ ಸರಿದು ಕೆಸರು, ಕಲ್ಲು ಎದ್ದುಕಾಣುತ್ತವೆ. ದ್ವೀಪದ ಪೂರ್ವ ಮಗ್ಗುಲಿನ ಬಹುಪಾಲು ತೀರಗಳ ಕಥೆಯೂ ಅಷ್ಟೇ: ಅಲೆ ಕಡಿಮೆ, ಈಜಲು ನೀರೂ ಕಡಿಮೆ.

ನೀರಿಗೆ ಇಳಿಯುವ ಮೊದಲು

ಫುಕೆಟ್‌ನಲ್ಲಿ ಪ್ರವಾಸಿಗಳು ಮುಳುಗುವುದಕ್ಕೆ ದೊಡ್ಡ ಕಾರಣ ದಡದಿಂದ ಕಡಲ ಕಡೆಗೆ ಎಳೆಯುವ ಸೆಳೆತ. ಅದು ಹೇಗೆ ಹುಟ್ಟುತ್ತದೆಂದು ಗೊತ್ತಿದ್ದರೆ ಕಣ್ಣಿಗೆ ಬೀಳುತ್ತದೆ. ಅಲೆಗಳು ಒಂದರ ಹಿಂದೆ ಒಂದು ನೀರನ್ನು ದಡಕ್ಕೆ ತಂದು ಸುರಿಯುತ್ತವೆ. ಆ ನೀರು ಹಿಂದಕ್ಕೆ ಹೋಗಲೇಬೇಕಲ್ಲ? ಒಳಗಿನ ಮರಳದಿಬ್ಬದಲ್ಲಿ ಎಲ್ಲಿ ತಗ್ಗು ಇದೆಯೋ ಅಲ್ಲಿಂದ ಒಟ್ಟಾಗಿ ನುಗ್ಗುತ್ತದೆ, ತುಂಬಿದ ಕೆರೆಗೆ ಕೋಡಿ ಬಿದ್ದ ಹಾಗೆ. ಸೆಳೆತವಿರುವ ಪಟ್ಟಿಯಲ್ಲಿ ಅಲೆ ಒಡೆಯುವುದಿಲ್ಲ. ಎರಡು ಬದಿಯಲ್ಲಿ ಬಿಳಿ ನೊರೆ ಏಳುತ್ತಿದ್ದರೆ ನಡುವೆ ಮಾತ್ರ ನೀರು ಕಪ್ಪಗೆ, ಸಮತಟ್ಟಾಗಿ ಕಾಣುತ್ತದೆ. 'ಇಲ್ಲಿ ಅಲೆ ಇಲ್ಲ, ಮಕ್ಕಳಿಗೆ ಸರಿ' ಎಂದು ನಾವು ಆರಿಸಿಕೊಳ್ಳುವುದು ಸರಿಯಾಗಿ ಅದೇ ಜಾಗವನ್ನು.

ಈ ಸೆಳೆತ ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಜೋರಾದಾಗ ಅದರ ವೇಗ ಒಲಿಂಪಿಕ್ ಈಜುಗಾರನೂ ಎದುರು ಈಜಿ ಗೆಲ್ಲಲಾರದಷ್ಟು. ಜನ ಮುಳುಗುವುದು ದಡದ ಕಡೆ ನೇರ ಈಜಲು ಹೆಣಗಿ ಸುಸ್ತಾಗಿ. ಆದ್ದರಿಂದ:

1. ಬಾವುಟ ನೋಡಿ. ಕೆಂಪು ಎಂದರೆ ಇಳಿಯಕೂಡದು. ಕೆಂಪು-ಹಳದಿ ಎರಡೂ ಬಣ್ಣದ ಬಾವುಟಗಳಿದ್ದರೆ ಅವೆರಡರ ನಡುವೆ ಮಾತ್ರ ಜೀವರಕ್ಷಕರ ಕಾವಲು ಇದೆ. ಬಾವುಟವೇ ಇಲ್ಲದ ಕಡೆ ಯಾರೂ ನೋಡುತ್ತಿಲ್ಲ ಎಂದು ತಿಳಿಯಿರಿ. ಸಂಜೆಯ ಮೇಲೆ ಕಾವಲಿರುವುದಿಲ್ಲ.

2. ದಡದಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ನೊರೆ, ಕಸ, ಕದಡಿದ ಮರಳು ಯಾವ ಜಾಗದಲ್ಲಿ ಒಳಕ್ಕೆ ಹರಿದುಹೋಗುತ್ತಿದೆಯೋ ಅಲ್ಲಿಂದ ದೂರವಿರಿ.

3. ಸಿಕ್ಕಿಕೊಂಡರೆ ಮೊದಲ ಕೆಲಸ ತೇಲುವುದು. ಅಂಗಾತ ಮಲಗಿ ಉಸಿರು ಹಿಡಿತಕ್ಕೆ ತಂದುಕೊಳ್ಳಿ, ಒಂದು ಕೈ ಮೇಲೆತ್ತಿ. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಅಲೆ ಒಡೆಯುವ ಜಾಗ ಮುಟ್ಟಿದರೆ ಅಲೆಯೇ ನಿಮ್ಮನ್ನು ದಡಕ್ಕೆ ತರುತ್ತದೆ.

4. ಇನ್ನೊಬ್ಬರು ಸಿಕ್ಕಿಕೊಂಡಾಗ ಹಿಂದೆಮುಂದೆ ನೋಡದೆ ಹಾರಬೇಡಿ. ತೇಲುವ ಯಾವುದನ್ನಾದರೂ ಎಸೆಯಿರಿ, ಜೀವರಕ್ಷಕರನ್ನು ಕೂಗಿ. ಒಬ್ಬರನ್ನು ಉಳಿಸಲು ಹೋಗಿ ಮನೆಯ ಇನ್ನೊಬ್ಬರೂ ಮುಳುಗಿದ ಸುದ್ದಿಯನ್ನು ನಮ್ಮ ಕರಾವಳಿಯಿಂದಲೇ ನಾವು ಎಷ್ಟು ಸಲ ಓದಿಲ್ಲ.

5. ಸೀರೆ, ಚೂಡಿದಾರ, ಜೀನ್ಸ್ ಉಟ್ಟು ಅಲೆಗಿಳಿಯಬೇಡಿ. ನೆನೆದ ಬಟ್ಟೆಯ ಭಾರ ಕಾಲಿಗೆ ತೊಡರುತ್ತದೆ. ಮೈ ಮುಚ್ಚಬೇಕೆನ್ನುವವರಿಗೆ ಪೂರ್ತಿ ತೋಳಿನ, ಮೈಗಂಟುವ ಈಜುಡುಗೆ ಸಿಗುತ್ತದೆ. ಬಿಸಿಲಿಗೂ ಅಂಬಲಿಮೀನಿಗೂ ಅದು ಒಳ್ಳೆಯ ರಕ್ಷಣೆ. ಅಲ್ಲಿ ಯಾರು ಏನು ತೊಟ್ಟಿದ್ದಾರೆಂದು ಯಾರೂ ನೋಡುವುದಿಲ್ಲ.

ಅಂಬಲಿಮೀನು ಎಂದೆನಲ್ಲ, ಕೆಲವು ತೀರಗಳಲ್ಲಿ ಕಂಬಕ್ಕೆ ವಿನೆಗರ್ ಬಾಟಲಿ ತೂಗುಹಾಕಿರುತ್ತಾರೆ, ಅದು ಇದಕ್ಕೇ. ಕುಟುಕಿದ ಜಾಗವನ್ನು ಉಜ್ಜಬೇಡಿ, ಕುಡಿಯುವ ನೀರಿನಲ್ಲಿ ತೊಳೆಯಬೇಡಿ. ಚರ್ಮಕ್ಕೆ ಅಂಟಿದ ವಿಷದ ಕೋಶಗಳು ಅದರಿಂದ ಇನ್ನಷ್ಟು ಸಿಡಿಯುತ್ತವೆ. ಧಾರಾಳವಾಗಿ ವಿನೆಗರ್ ಸುರಿದು ಆಸ್ಪತ್ರೆಗೆ ಹೋಗಿ. ತುರ್ತು ವೈದ್ಯಕೀಯ ನೆರವಿಗೆ 1669, ಪ್ರವಾಸಿ ಪೊಲೀಸರಿಗೆ 1155.

ಬೀದಿಗಳಲ್ಲಿ ಸುನಾಮಿ ತಪ್ಪಿಸಿಕೊಳ್ಳುವ ದಾರಿ ತೋರುವ ಫಲಕಗಳಿವೆ. 2004ರ ಡಿಸೆಂಬರ್ 26ರಂದು ಈ ತೀರ ಅನುಭವಿಸಿದ್ದರಿಂದ ಬಂದ ಏರ್ಪಾಟು ಅದು. ನಿಮ್ಮ ಹೋಟೆಲಿನಿಂದ ಎತ್ತರದ ಜಾಗ ಯಾವ ದಿಕ್ಕಿಗೆ ಎಂದು ಬಂದ ದಿನವೇ ನೋಡಿಟ್ಟುಕೊಳ್ಳಿ.

ದೋಣಿ, ದ್ವೀಪ

ಎಲ್ಲರ ಪಟ್ಟಿಯಲ್ಲೂ ಮೊದಲು ಇರುವುದು ಫಿ ಫಿ ದ್ವೀಪಗಳು, ಅದರಲ್ಲೂ ಮಾಯಾ ಕೊಲ್ಲಿ. ದಿನಕ್ಕೆ ಸಾವಿರಾರು ಜನರ ತುಳಿತಕ್ಕೆ ಹವಳ ಸತ್ತು 2018ರಲ್ಲಿ ಆ ಕೊಲ್ಲಿಯನ್ನೇ ಮುಚ್ಚಿದರು. 2022ರ ಜನವರಿಯಲ್ಲಿ ತೆರೆದರಾದರೂ ದೋಣಿಗಳು ಈಗ ಕೊಲ್ಲಿಯ ಒಳಕ್ಕೆ ಬರುವಂತಿಲ್ಲ. ಹಿಂಬದಿಯಲ್ಲಿ ಇಳಿದು ನಡೆದುಬರಬೇಕು, ನೀರಿನಲ್ಲಿ ಈಜುವಂತಿಲ್ಲ. ಪ್ರತಿ ವರ್ಷ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಪೂರ್ತಿ ಬಂದ್. ಆ ಎರಡು ತಿಂಗಳಲ್ಲಿ 'ಮಾಯಾ ಬೇ ಸೇರಿದೆ' ಎಂದು ಪ್ಯಾಕೇಜು ಮಾರುವವರನ್ನು ಎರಡು ಸಲ ಪ್ರಶ್ನಿಸಿ. ಸಿಮಿಲನ್ ದ್ವೀಪಗಳಂತೂ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತವೆ.

ಫಿ ಫಿಗೆ ಹೋಗಲು ಎರಡು ಬಗೆ. ರಸ್ಸಾದಾ ಧಕ್ಕೆಯಿಂದ ಹೊರಡುವ ದೊಡ್ಡ ಫೆರ್ರಿಗೆ ಹೆಚ್ಚುಕಡಿಮೆ ಎರಡು ಗಂಟೆ. ಸ್ಪೀಡ್‌ಬೋಟಿಗೆ ಅದರ ಅರ್ಧ ಹೊತ್ತು. ಅಂಗಡಿಯವರು ಮಾರುವುದು ಎರಡನೆಯದನ್ನು. ಆದರೆ ಸ್ಪೀಡ್‌ಬೋಟು ಅಲೆಯಿಂದ ಅಲೆಗೆ ನೆಗೆದು ಬೀಳುತ್ತದೆ, ಮುಂದಿನ ಸೀಟಿನಲ್ಲಿ ಕೂತವರ ಸೊಂಟ ಅದನ್ನು ಮರೆಯುವುದಿಲ್ಲ. ಬೆನ್ನುನೋವಿನವರು, ವಯಸ್ಸಾದವರು, ಪುಟ್ಟ ಮಕ್ಕಳಿದ್ದವರು ಫೆರ್ರಿಯಲ್ಲೇ ಹೋಗಿ. ಬಸುರಿಯರಂತೂ ಸ್ಪೀಡ್‌ಬೋಟು ಹತ್ತಲೇಬಾರದು. ಹತ್ತಿದವರು ಹಿಂಭಾಗದ ಸೀಟು ಹಿಡಿಯಿರಿ. ಹೊಟ್ಟೆ ತೊಳಸುವವರು ವಾಂತಿಯ ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲೇ ನುಂಗಬೇಕು, ದೋಣಿ ಕುಣಿಯಲು ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ.

ಮಳೆಗಾಲದಲ್ಲಿ ಹೋದವರಿಗೆ ಫಿ ಫಿ ಬದಲು ಫಾಂಗ್ ನ್ಗಾ ಕೊಲ್ಲಿ ವಾಸಿ. ಅದಿರುವುದು ದ್ವೀಪದ ಈಶಾನ್ಯಕ್ಕೆ, ಪಶ್ಚಿಮದ ಅಲೆಗಳಿಗೆ ಫುಕೆಟ್ ದ್ವೀಪವೇ ಅಡ್ಡ ನಿಂತಿರುತ್ತದೆ. ನೀರಿನಿಂದ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಬೆಟ್ಟಗಳು, ಅವುಗಳ ಹೊಟ್ಟೆಯೊಳಗಿನ ಗುಹೆಗಳು. 1974ರ ಜೇಮ್ಸ್ ಬಾಂಡ್ ಸಿನಿಮಾದಿಂದ ಹೆಸರಾದ ಬಂಡೆಯೂ ಇಲ್ಲಿಯದೇ. ಸಣ್ಣ ದೋಣಿಯಲ್ಲಿ ಗುಹೆ ಹೊಗಿಸುವ ಪ್ರವಾಸ ತೆಗೆದುಕೊಳ್ಳಿ. ಏರಿಳಿತದ ಹೊತ್ತು ನೋಡಿಯೇ ಒಳಗೆ ಬಿಡಬೇಕಾದ್ದರಿಂದ ಹೊರಡುವ ಸಮಯ ದಿನದಿನಕ್ಕೆ ಬದಲಾಗುತ್ತದೆ, ಗೊಣಗಬೇಡಿ.

ಹವಾಮಾನ ಕೆಟ್ಟು ದೋಣಿ ರದ್ದಾದರೆ ದುಡ್ಡು ವಾಪಸು ಕೇಳಿ, ಬೇರೆ ದಿನ ಕೇಳಿ. ಆದರೆ ಹೇಗಾದರೂ ಕರೆದುಕೊಂಡು ಹೋಗುತ್ತೇನೆ ಎನ್ನುವ ಇನ್ನೊಬ್ಬನನ್ನು ಮಾತ್ರ ಹುಡುಕಬೇಡಿ. 2018ರ ಜುಲೈ 5ರಂದು ಫುಕೆಟ್ ಹತ್ತಿರ ಬಿರುಗಾಳಿಗೆ ಸಿಕ್ಕಿ ಫೀನಿಕ್ಸ್ ಎಂಬ ಪ್ರವಾಸಿ ದೋಣಿ ಮುಳುಗಿ 47 ಚೀನೀ ಪ್ರವಾಸಿಗರು ಸತ್ತರು. ಕೆಟ್ಟ ಹವೆಯ ಎಚ್ಚರಿಕೆ ಇದ್ದಾಗಲೂ ಹೊರಟಿದ್ದ ದೋಣಿ ಅದು. ಲೈಫ್ ಜಾಕೆಟ್ ಹತ್ತುವಾಗಲೇ ಹಾಕಿಕೊಳ್ಳಿ. ಮಕ್ಕಳ ಅಳತೆಯದು ಇದೆಯೇ ಎಂದು ದುಡ್ಡು ಕೊಡುವ ಮೊದಲು ಕೇಳಿ.

ಸನ್‌ಸ್ಕ್ರೀನ್ ಊರಿನಿಂದಲೇ ತೆಗೆದುಕೊಂಡು ಹೋಗುವವರು ಹಿಂದಿನ ಚೀಟಿ ಓದಿ. ಆಕ್ಸಿಬೆಂಝೋನ್, ಆಕ್ಟಿನಾಕ್ಸೇಟ್ ಸೇರಿದಂತೆ ಹವಳಕ್ಕೆ ಹಾನಿ ಮಾಡುವ ನಾಲ್ಕು ರಾಸಾಯನಿಕಗಳಿರುವ ಕ್ರೀಮುಗಳನ್ನು ಥಾಯ್ ಕಡಲ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಿಂದ ನಿಷೇಧಿಸಿದ್ದಾರೆ. ಸತುವಿನ ಆಕ್ಸೈಡ್ ಇರುವುದಾದರೆ ಅಡ್ಡಿಯಿಲ್ಲ.

ಸಸ್ಯಾಹಾರಿಯ ಊಟ

ನಮ್ಮವರು ಹೆಚ್ಚು ಚಿಂತೆ ಮಾಡುವುದು ಇದಕ್ಕೆ, ಹೆಚ್ಚು ತಪ್ಪು ಮಾಡುವುದೂ ಇಲ್ಲೇ. 'ವೆಜಿಟೇರಿಯನ್' ಎಂದು ಹೇಳಿ ತರಕಾರಿ ಪಲ್ಯ ತರಿಸುತ್ತೀರಿ. ತಟ್ಟೆಯಲ್ಲಿ ಸೊಪ್ಪು, ಕೋಸು ಬಿಟ್ಟು ಬೇರೇನೂ ಕಾಣುವುದಿಲ್ಲ. ಆದರೆ ಥಾಯ್ ಅಡುಗೆಯಲ್ಲಿ ಉಪ್ಪಿನ ಕೆಲಸ ಮಾಡುವುದು ಮೀನಿನ ಸಾಸು. ಹುರಿದ ಸೊಪ್ಪಿಗೆ ಮೃದ್ವಂಗಿಯ ಸಾಸು ಬಿದ್ದಿರುತ್ತದೆ. ಪರಂಗಿಕಾಯಿಯ ಸೋಮ್ ತಾಮ್‌ಗೆ, ಪಾಡ್ ಥಾಯ್‌ಗೆ ಒಣ ಸಿಗಡಿ. ಹಸಿರು, ಕೆಂಪು ಕರಿಗಳಂತೂ ಸಿಗಡಿ ಸೇರಿಸಿ ಅರೆದಿಟ್ಟ ಮಸಾಲೆಯಿಂದ ಆಗುವಂಥವು. 'ಮೀನು ಹಾಕಬೇಡಿ' ಎಂದರೆ ಅಡುಗೆಯವನು ತುಂಡು ತೆಗೆದಾನು, ಮಸಾಲೆಯಿಂದ ಸಿಗಡಿಯನ್ನು ಹೇಗೆ ತೆಗೆದಾನು?

ಇದಕ್ಕೆ ಅಲ್ಲಿಯೇ ಒಂದು ಒಳ್ಳೆಯ ದಾರಿ ಇದೆ. ಚೀನೀ ಮೂಲದವರು ವ್ರತಕ್ಕೆ ಉಣ್ಣುವ 'ಜೇ' ಊಟ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ಮಡಿಯ ಮನೆಯ ಅಜ್ಜಿಯರೂ ಒಪ್ಪಿಕೊಳ್ಳುವಂಥದು. ಹಳದಿ ಬಟ್ಟೆಯ ಮೇಲೆ ಕೆಂಪಕ್ಷರ ಬರೆದ ಸಣ್ಣ ಬಾವುಟ ಕಂಡ ಅಂಗಡಿಗೆ ನಿಶ್ಚಿಂತೆಯಿಂದ ಹೋಗಿ. ಗಂಡಸರು 'ಪೊಮ್ ಕಿನ್ ಜೇ ಖ್ರಪ್' ಎನ್ನಿ, ಹೆಂಗಸರು 'ಚಾನ್ ಕಿನ್ ಜೇ ಖಾ' ಎನ್ನಿ. ಸಾಮಾನ್ಯ ಹೋಟೆಲಿನಲ್ಲಿ 'ಮೈ ಸೈ ನಾಮ್ ಪ್ಲಾ' ಎಂದರೆ ಮೀನಿನ ಸಾಸು ಬೇಡ, 'ಮೈ ಸೈ ಖೈ' ಎಂದರೆ ಮೊಟ್ಟೆ ಬೇಡ. ನಮ್ಮ ಉಚ್ಚಾರ ಅವರಿಗೆ ತಿಳಿಯದೆ ಹೋಗುವುದೂ ಉಂಟು, ಆದ್ದರಿಂದ ಇವನ್ನು ಥಾಯ್ ಲಿಪಿಯಲ್ಲಿ ಮೊಬೈಲಿನಲ್ಲಿ ಉಳಿಸಿಕೊಂಡು ತೋರಿಸುವುದು ಉತ್ತಮ.

ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳಲ್ಲಿ, ಹೆಚ್ಚಾಗಿ ನಮ್ಮ ನವರಾತ್ರಿಯ ಆಸುಪಾಸಿನಲ್ಲಿ, ಫುಕೆಟ್ ಪೇಟೆಯಲ್ಲಿ ಒಂಬತ್ತು ದಿನ ಸಸ್ಯಾಹಾರದ ಹಬ್ಬ. ಆಗ ಬೀದಿಬೀದಿಗೂ ಜೇ ಅಂಗಡಿಗಳು. ದಸರಾ ರಜೆಯಲ್ಲಿ ಹೋಗಲೇಬೇಕಾದವರಿಗೆ ಕಡಲಿನ ನಷ್ಟವನ್ನು ಇದು ಸ್ವಲ್ಪ ತುಂಬಿಕೊಡಬಹುದು. ಕೆನ್ನೆಗೆ ಸಲಾಕೆ, ಕತ್ತಿ ಚುಚ್ಚಿಕೊಂಡ ಭಕ್ತರ ಮೆರವಣಿಗೆಯೂ ಇರುತ್ತದೆ. ಚಿಕ್ಕ ಮಕ್ಕಳನ್ನು ಕರೆದೊಯ್ಯುವ ಮೊದಲು ಯೋಚಿಸಿ.

ಉಳಿದಂತೆ ಬಿಳಿ ಅನ್ನ ಎಲ್ಲೆಲ್ಲೂ ಸಿಗುತ್ತದೆ. ಜೊತೆಗೆ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಇದ್ದರೆ ರಾತ್ರಿಯ ಊಟ ಆದಂತೆ. ಮೊಸರನ್ನಕ್ಕೆಂದು ಅಂಗಡಿಯಲ್ಲಿ ಮೊಸರು ಕೊಳ್ಳುವಾಗ ನೋಡಿ ಕೊಳ್ಳಿ, ಸಿಹಿ ಹಾಕಿದ್ದೇ ಹೆಚ್ಚು. ಹಣ್ಣುಗಳಲ್ಲಿ ಏಪ್ರಿಲ್‌ನ ಮಾವಿನಹಣ್ಣು-ಅಂಟಕ್ಕಿ ಅನ್ನ ಬಿಡಬಾರದ್ದು, ಅದರ ಮೇಲೆ ಸುರಿಯುವುದು ತೆಂಗಿನ ಹಾಲು. ದುರಿಯನ್ ತಿನ್ನುವ ಧೈರ್ಯ ಇದ್ದವರು ಅಂಗಡಿಯ ಮುಂದೆಯೇ ತಿಂದು ಮುಗಿಸಿ. ಆ ವಾಸನೆಗೆ ಹೋಟೆಲಿನವರು ಒಳಗೆ ಬಿಡುವುದಿಲ್ಲ, ತಂದರೆ ದಂಡ.

ಓಡಾಟ

ವಿಮಾನ ನಿಲ್ದಾಣ ಇರುವುದು ದ್ವೀಪದ ಉತ್ತರ ತುದಿಗೆ. ಪಟಾಂಗ್‌ಗೆ ಗಂಟೆ, ಕಾಟಾಕ್ಕೆ ಇನ್ನೂ ಹೆಚ್ಚು. ಅಗ್ಗದ ದಾರಿ ಪಶ್ಚಿಮ ತೀರದ ಊರುಗಳನ್ನೆಲ್ಲ ಹಾದು ರವಾಯ್‌ವರೆಗೆ ಹೋಗುವ ಸ್ಮಾರ್ಟ್ ಬಸ್ಸು. ನಾಲ್ಕೈದು ಜನರಿದ್ದು ಸಾಮಾನೂ ಇದ್ದರೆ ಗ್ರ್ಯಾಬ್ ಅಥವಾ ಬೋಲ್ಟ್ ಆ್ಯಪಿನಲ್ಲಿ ದರ ನೋಡಿ ಕಾರು ತೆಗೆದುಕೊಳ್ಳಿ. ಒಟ್ಟಾಗಿ ಕೂರಿಸುವ ಮಿನಿ ವ್ಯಾನುಗಳು ನಡುದಾರಿಯಲ್ಲಿ ಯಾವುದೋ ಪ್ರವಾಸಿ ಕಚೇರಿಯ ಮುಂದೆ ನಿಲ್ಲುವುದುಂಟು. ಒಳಗೆ ಕರೆದು ಪ್ಯಾಕೇಜು ಮಾರಲು ನೋಡುತ್ತಾರೆ. ಇಳಿಯದೆ ಕೂತಿದ್ದರೆ ತಾನಾಗಿ ಹೊರಡುತ್ತದೆ. ಪಟಾಂಗ್‌ನ ಕೆಂಪು ಟುಕ್‌ಟುಕ್‌ಗೆ ಮೀಟರಿಲ್ಲ. ಹತ್ತುವ ಮೊದಲೇ ದರ ಮಾತಾಡಿಕೊಳ್ಳಬೇಕು, ಅದೂ ಒಬ್ಬರಿಗೋ ಗಾಡಿಗೋ ಎಂದು ಬಿಡಿಸಿ ಕೇಳಿ.

ಬಾಡಿಗೆ ಸ್ಕೂಟರಿನ ಆಸೆ ಎಲ್ಲರಿಗೂ. ಎಡಬದಿಯ ಸಂಚಾರ, ನಮಗೆ ಅಭ್ಯಾಸದ್ದೇ. ಆದರೂ ಪಟಾಂಗ್ ಸುತ್ತಿನ ಗುಡ್ಡದ ರಸ್ತೆಗಳು ಕಡಿದಾದವು, ಮಳೆಯಲ್ಲಿ ಜಾರುತ್ತವೆ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕೇ ಬೇಕು, ಅದರಲ್ಲಿ ದ್ವಿಚಕ್ರದ ವರ್ಗ ನಮೂದಾಗಿರಬೇಕು. ನಮ್ಮ ಆರ್‌ಟಿಒದಲ್ಲಿ 4ಎ ನಮೂನೆ ತುಂಬಿದರೆ ಒಂದು ವರ್ಷಕ್ಕೆ ಕೊಡುತ್ತಾರೆ. ಅದಿಲ್ಲದೆ ಸ್ಕೂಟರ್ ಕೊಡುವ ಅಂಗಡಿಗಳು ಬೇಕಾದಷ್ಟಿವೆ, ನಿಜ. ಬಿದ್ದು ಕಾಲು ಮುರಿದ ಮೇಲೆ ಪ್ರವಾಸ ವಿಮೆಯವರು ಮೊದಲು ಕೇಳುವುದು ಆ ಪರವಾನಗಿಯನ್ನೇ, ಹೆಲ್ಮೆಟ್ ಹಾಕಿದ್ದಿರೇ ಎನ್ನುವುದು ಎರಡನೆಯ ಪ್ರಶ್ನೆ. ಫುಕೆಟ್‌ನ ಖಾಸಗಿ ಆಸ್ಪತ್ರೆಗಳು ಚೆನ್ನಾಗಿವೆ, ಬಿಲ್ಲು ಮಾತ್ರ ಸಣ್ಣದಲ್ಲ.

ಕಾಗದಪತ್ರ, ಹಣ

ಭಾರತೀಯರಿಗೆ 2023ರ ನವೆಂಬರ್‌ನಿಂದ ವೀಸಾ ಇಲ್ಲದೆ ಪ್ರವೇಶ ಕೊಡಲು ಶುರುಮಾಡಿದರು. ಎಷ್ಟು ದಿನ ಎಂಬ ನಿಯಮ ಬದಲಾಗುತ್ತ ಬಂದಿದೆ, ಟಿಕೆಟ್ ಕೊಳ್ಳುವ ವಾರ ಥಾಯ್ ರಾಯಭಾರ ಕಚೇರಿಯ ಪ್ರಕಟಣೆ ನೋಡಿ. 2025ರ ಮೇ 1ರಿಂದ ಎಲ್ಲರೂ ಡಿಜಿಟಲ್ ಆಗಮನ ಕಾರ್ಡು ತುಂಬಬೇಕು. ಇಳಿಯುವ ದಿನಕ್ಕೆ ಮೂರು ದಿನ ಮೊದಲಿನಿಂದ ತುಂಬಬಹುದು, ಪೂರ್ತಿ ಉಚಿತ. ಶುಲ್ಕ ಕೇಳಿದರೆ ನೀವು ತೆರೆದಿರುವುದು ಸರ್ಕಾರದ ತಾಣವಲ್ಲ. ವಾಪಸು ಟಿಕೆಟು, ಹೋಟೆಲ್ ಬುಕಿಂಗುಗಳ ಮುದ್ರಿತ ಪ್ರತಿ ಕೈಯಲ್ಲಿರಲಿ.

ಎಟಿಎಂನಲ್ಲಿ ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕೂ ಹೆಚ್ಚು ಹಿಡಿಯುತ್ತಾರೆ, ಚಿಲ್ಲರೆ ಚಿಲ್ಲರೆಯಾಗಿ ತೆಗೆಯಬೇಡಿ. ಯಂತ್ರವಾಗಲಿ ಅಂಗಡಿಯವರಾಗಲಿ 'ರೂಪಾಯಿಯಲ್ಲಿ ಕೊಡುತ್ತೀರೋ ಬಾತ್‌ನಲ್ಲೋ' ಎಂದು ಕೇಳಿದರೆ ಬಾತ್ ಎನ್ನಿ. ರೂಪಾಯಿ ಎಂದರೆ ಅವರ ಮನಸ್ಸಿಗೆ ಬಂದ ವಿನಿಮಯ ದರ ಬೀಳುತ್ತದೆ.

ಸಾಮಾನ್ಯವಾಗಿ ಎಡವುವ ಕಡೆಗಳು

ಜೆಟ್‌ಸ್ಕೀ: ಓಡಿಸಿ ತಂದ ಮೇಲೆ 'ಇಲ್ಲಿ ಗೀರಿದ್ದೀರಿ' ಎಂದು ಸಾವಿರಾರು ಬಾತ್ ಕೇಳುವುದು ಪಟಾಂಗ್‌ನ ಹಳೆಯ ದಂಧೆ. ಹತ್ತದಿರುವುದೇ ಕ್ಷೇಮ ಎನ್ನುವುದು ನನ್ನ ಮಾತು. ಹತ್ತಲೇಬೇಕೆಂದರೆ ಮೊದಲು ಇಡೀ ಗಾಡಿಯ ವಿಡಿಯೊ ಮಾಡಿಕೊಳ್ಳಿ, ಜಗಳ ಹತ್ತಿದರೆ 1155ಕ್ಕೆ ಕರೆ ಮಾಡಿ.

ಪಾಸ್‌ಪೋರ್ಟ್ ಒತ್ತೆ: ಸ್ಕೂಟರಿಗಾಗಲಿ ಜೆಟ್‌ಸ್ಕೀಗಾಗಲಿ ಪಾಸ್‌ಪೋರ್ಟನ್ನು ಇಟ್ಟುಕೊಳ್ಳಲು ಕೊಡಬೇಡಿ. ಅದು ಅವರ ಕೈಯಲ್ಲಿರುವಷ್ಟು ಹೊತ್ತು ಅವರು ಹೇಳಿದ್ದೇ ಲೆಕ್ಕ.

ಸಿಗರೇಟು: ಕಡಲತೀರದಲ್ಲಿ ಸೇದಿದರೆ ಒಂದು ಲಕ್ಷ ಬಾತ್‌ವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಜೈಲು. ಇ-ಸಿಗರೇಟಿಗೆ 2014ರಿಂದ ನಿಷೇಧ, ಬ್ಯಾಗಿನಲ್ಲಿಟ್ಟುಕೊಂಡೇ ಇಳಿಯಬೇಡಿ.

ಗಾಂಜಾ: ರಸ್ತೆಬದಿಯಲ್ಲಿ ಹಸಿರು ಎಲೆಯ ಫಲಕದ ಅಂಗಡಿಗಳು ಕಣ್ಣಿಗೆ ಬೀಳುತ್ತವೆ. ಅಲ್ಲಿಯ ಕಾನೂನು ಏನೇ ಇರಲಿ, ಅದರ ಒಂದು ಚಾಕೊಲೇಟನ್ನು ತಂದರೂ ಇಲ್ಲಿ ಎನ್‌ಡಿಪಿಎಸ್ ಕಾಯ್ದೆಯಡಿ ಅಪರಾಧ. ಥಾಯ್ಲೆಂಡಿನಿಂದ ಬಂದವರ ಬ್ಯಾಗುಗಳಲ್ಲಿ ಹೈಡ್ರೋಪೋನಿಕ್ ಗಾಂಜಾ ಸಿಕ್ಕ ಸುದ್ದಿ ಬೆಂಗಳೂರು ವಿಮಾನ ನಿಲ್ದಾಣದಿಂದ ಮತ್ತೆಮತ್ತೆ ಬರುತ್ತಿರುತ್ತದೆ. 'ನಮ್ಮೂರಿನವರೇ ಅಲ್ಲವೇ, ಈ ಬ್ಯಾಗು ತಲುಪಿಸಿಬಿಡಿ' ಎಂದು ಪರಿಚಯವಾದ ಯಾರೇ ಕೇಳಲಿ, ಒಪ್ಪಬೇಡಿ.

ರಾಜಮನೆತನ: ತಮಾಷೆಗೂ ಏನೂ ಅನ್ನಬೇಡಿ, ಬರೆಯಬೇಡಿ. ಆ ದೇಶದ ಕಾನೂನಿನಲ್ಲಿ ಅದಕ್ಕೆ ಮೂರರಿಂದ ಹದಿನೈದು ವರ್ಷ ಜೈಲು. ಬುದ್ಧಾಲಯಗಳಿಗೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು, ಅದು ನಮಗೆ ಹೊಸದಲ್ಲ.

ಹೊರಡುವ ದಿನ

ವಾಪಸು ವಿಮಾನ ರಾತ್ರಿಯಿದ್ದು ಹೋಟೆಲು ಮಧ್ಯಾಹ್ನಕ್ಕೇ ಖಾಲಿ ಮಾಡಬೇಕಾದರೆ ಸಾಮಾನಿನ ಸಮೇತ ನಾಯ್ ಯಾಂಗ್ ತೀರಕ್ಕೆ ಹೋಗಿಬಿಡಿ. ವಿಮಾನ ನಿಲ್ದಾಣಕ್ಕೆ ತೀರಾ ಹತ್ತಿರ. ಮರದ ನೆರಳಿದೆ, ಊಟದಂಗಡಿಗಳಿವೆ, ಸಂಜೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳುವ ಭಯವಿಲ್ಲ. ಸ್ಕೂಬಾ ಡೈವಿಂಗ್ ಮಾಡುವವರು ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ನೀರಿನಾಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಹೊರಹೋಗಲು ಸಮಯ ಬೇಕು, ಡೈವಿಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ ಬಿಡಿ. ಒಂದೇ ಅಂಗಡಿಯಲ್ಲಿ ಒಂದೇ ದಿನ 2,000 ಬಾತ್‌ಗೆ ಮೇಲ್ಪಟ್ಟು ಖರೀದಿಸಿದ್ದರೆ ಕಟ್ಟಿದ ವ್ಯಾಟ್ ವಾಪಸು ಕೇಳಬಹುದು. ಅಂಗಡಿಯಲ್ಲೇ ಪಾಸ್‌ಪೋರ್ಟ್ ತೋರಿಸಿ ನಮೂನೆ ಬರೆಸಿಕೊಂಡಿರಬೇಕು, ಖರೀದಿಯ ಮೊತ್ತ ದೊಡ್ಡದಾಗಿದ್ದರೆ ವಿಮಾನ ನಿಲ್ದಾಣದಲ್ಲಿ ಬ್ಯಾಗು ಚೆಕ್-ಇನ್ ಮಾಡುವ ಮೊದಲೇ ಸುಂಕದವರಿಂದ ಮುದ್ರೆ ಹಾಕಿಸಬೇಕು. ಬ್ಯಾಗು ಒಳಗೆ ಹೋದ ಮೇಲೆ ನೆನಪಾದರೆ ಆ ದುಡ್ಡು ಥಾಯ್ ಸರ್ಕಾರಕ್ಕೆ.